ಸೊಂಟದ ಅಳತೆ

ತಂಡದವರೆಲ್ಲ ಆ ಹುಡುಗಿಯನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಒಂಬತ್ತು ವರ್ಷ, ಕೈಕಾಲು ಹಾಗೆಯೇ ಇದ್ದವು. ಶಾಲೆ ಬಿಟ್ಟ ಕೂಡಲೇ ರಂಗಮಂದಿರದ ಹಿಂದಿನ ಕೋಣೆಗೆ ಬಂದು, ತಾಯಿಯ ಹೊಲಿಗೆ ಯಂತ್ರದ ಪಕ್ಕ ಕುಳಿತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ತಾಯಿ ನಾಟಕ ತಂಡದ ದರ್ಜಿ. ಗಂಡ ಬಿಟ್ಟುಹೋದ ಮೇಲೆ ಸೇರಿದ ಕೆಲಸ. ಎಷ್ಟೋ ರಾಜರಿಗೆ, ಭಿಕ್ಷುಕರಿಗೆ ಬಟ್ಟೆ ಹೊಲಿದಿದ್ದಳು. ಚಪ್ಪಾಳೆಯ ಸದ್ದು ಅವಳಿಗೆ ಗೋಡೆಯಾಚೆಯಿಂದಷ್ಟೇ ಗೊತ್ತಿತ್ತು.

ಆ ವರ್ಷ ತಂಡದ ನಿರ್ದೇಶಕರು ರಷ್ಯದ ಹಳೆಯ ಕಾದಂಬರಿಯೊಂದನ್ನು ನಾಟಕ ಮಾಡಿದರು. ಸಾಹಿತ್ಯ ಪಾಠ ಹೇಳಿ ನಿವೃತ್ತರಾದವರು, ಎಲ್ಲರಿಗೂ ಮೇಷ್ಟ್ರು. ಅದರಲ್ಲಿ ಕುಡುಕ ಗುಮಾಸ್ತನೊಬ್ಬನ ಮಗಳು ಹಸಿವಿನಿಂದ, ಕೆಮ್ಮಿನಿಂದ ಸೊರಗಿ ಕೊನೆಯಲ್ಲಿ ಸಾಯುತ್ತಾಳೆ. ಆ ಪಾತ್ರಕ್ಕೆ ಬಂದ ಮಕ್ಕಳು ಯಾರೂ ಮೇಷ್ಟ್ರಿಗೆ ಹಿಡಿಸಲಿಲ್ಲ. ಒಂದು ಮಧ್ಯಾಹ್ನ ಅಂಗಿಯ ತೋಳು ಸರಿಮಾಡಿಸಿಕೊಳ್ಳಲು ಬಂದವರು ಕಡ್ಡಿಯನ್ನು ನೋಡಿ ನಿಂತುಬಿಟ್ಟರು.

"ಏಳು ಮಗು. ಅಲ್ಲಿವರೆಗೆ ನಡಿ. ಈಗ ತಿರುಗು." ಆಮೇಲೆ ತಾಯಿಯ ಕಡೆ ನೋಡಿ, "ಮುತ್ತನ್ನ ಮಡಿಲಲ್ಲಿ ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲಮ್ಮ" ಎಂದರು.

ಅಂದೇ ತಾಯಿ ಫ್ರಾಕಿಗೆ ಅಳತೆ ತೆಗೆದಳು. ಸೊಂಟ ಇಪ್ಪತ್ತೊಂದು ಇಂಚು.

ತಾಲೀಮಿನ ಮೊದಲ ದಿನ ಮೇಷ್ಟ್ರು ಎಲ್ಲರನ್ನೂ ಕೂರಿಸಿ ವಿವರಿಸಿದರು. "ಆ ಕಾಲದ ರಷ್ಯದ ಕಾದಂಬರಿಗಳಲ್ಲಿ ಮಗು ಅಂದ್ರೆ ಬರೀ ಮಗು ಅಲ್ಲ, ತಿಳ್ಕೊಳ್ಳಿ. ದೊಡ್ಡವರ ಪಾಪ ಹೊರೋಕೆ ಇಟ್ಟಿರೋ ಹೆಗಲು ಅದು. ಅದು ನರಳಿದ್ರೇನೇ ಇವರಿಗೆ ಕಣ್ಣು ತೆರೆಯೋದು."

"ಅವಳು ಸತ್ತ ಮೇಲೆ ಅವರೆಲ್ಲ ಒಳ್ಳೆಯವರಾಗ್ತಾರಾ?" ಎಂದು ಕಡ್ಡಿ ಕೇಳಿದಳು.

"ಅಷ್ಟು ಹೊತ್ತಿಗೆ ಪರದೆ ಬಿದ್ದಿರುತ್ತೆ ಕಣೆ" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ತಾಯಿಯೂ ನಕ್ಕಳು.

ಒಂದು ತಿಂಗಳಾದ ಮೇಲೆ ಕೆಮ್ಮು ಶುರುವಾಯಿತು. ಮೇಷ್ಟ್ರು ತಾಲೀಮು ನಿಲ್ಲಿಸಿ, "ಇದನ್ನ ಎಲ್ಲಿ ಕಲಿತೆ?" ಎಂದರು.

"ಕಲೀಲಿಲ್ಲ. ತಾನೇ ಬರುತ್ತೆ."

"ಕೇಳಿದ್ರಾ? ತಾನೇ ಬರಬೇಕು. ನಿಮಗೆಲ್ಲ ಇಪ್ಪತ್ತು ವರ್ಷದಿಂದ ಬೊಗಳ್ತಾ ಇರೋದು ಇದನ್ನೇ" ಎಂದು ಉಳಿದ ನಟರತ್ತ ಕೈ ಬೀಸಿದರು.

ಮೊದಲ ಪ್ರಯೋಗದ ಹೊತ್ತಿಗೆ ಫ್ರಾಕು ಸಡಿಲವಾಗಿತ್ತು. ತಾಯಿ ಟೇಪು ಸುತ್ತಿದಳು: ಇಪ್ಪತ್ತು. ಎರಡೂ ಬದಿ ಅರ್ಧರ್ಧ ಇಂಚು ಒಳಗೆ ಹಿಡಿದು ಹೊಲಿದಳು. ಮೂರನೆಯ ಪ್ರಯೋಗಕ್ಕೆ ಇನ್ನೊಂದು ಇಂಚು. ಬೆಳೆಯುವ ಮಗುವಿನ ಬಟ್ಟೆಯನ್ನು ಬಿಚ್ಚಿ ಅಗಲ ಮಾಡಬೇಕೇ ಹೊರತು ಕಿರಿದು ಮಾಡುವುದಲ್ಲ ಎಂದು ದರ್ಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂಜೆಯಾದರೆ ಮಗುವಿನ ಮೈ ಬೆಚ್ಚಗಾಗುತ್ತಿತ್ತು. "ಅಮ್ಮ, ಇವತ್ತು ಬೇಡ" ಎಂದು ಕಡ್ಡಿ ಒಮ್ಮೆ ಅಂದಳು. "ಟಿಕೆಟ್ ತಗೊಂಡು ಬಂದೋರಿಗೆ ಏನು ಹೇಳ್ಲಿ? ಒಂದು ಗಂಟೆ ತಡ್ಕೋ ಬಂಗಾರ" ಎಂದು ತಾಯಿ ಅವಳ ಕೂದಲು ಕೆದರಿ, ಕಣ್ಣ ಕೆಳಗೆ ಕಪ್ಪು ಹಚ್ಚಲು ಹೋದಳು. ಅಲ್ಲಿ ಆಗಲೇ ಕಪ್ಪಗಿತ್ತು. ಬ್ರಷ್ಷು ಕೆಳಗಿಟ್ಟಳು.

ಐದನೆಯ ಪ್ರಯೋಗದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಾಯಿಯನ್ನು ವೇದಿಕೆಗೆ ಕರೆಸಿ, "ಈ ಮಗುವನ್ನ ಕೊಟ್ಟ ತಾಯಿ ಇವಳು" ಎಂದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ಅವಳಿಗೆ ಕೈ ಮುಗಿದಳು. ಎರಡು ದಿನ ತಾಯಿಯ ಕಾಲು ನೆಲದ ಮೇಲಿರಲಿಲ್ಲ.

ಆರನೆಯ ಪ್ರಯೋಗಕ್ಕೆ ತಾಯಿಯ ಅಕ್ಕ ಬಂದಳು. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಚೀಟಿ ಬರೆಯುವವಳು. ಮದುವೆಯಾಗಿರಲಿಲ್ಲ, ನಾಲಿಗೆ ಹರಿತ. ನಾಟಕ ಮುಗಿದ ಮೇಲೆ ಹಿಂದಿನ ಕೋಣೆಗೆ ಬಂದು, ಬಕೆಟ್ಟಿನ ಪಕ್ಕ ಬಿದ್ದಿದ್ದ ಕರವಸ್ತ್ರ ಎತ್ತಿಕೊಂಡಳು. ಸಾಯುವ ದೃಶ್ಯದಲ್ಲಿ ಮಗು ಬಾಯಿಗೆ ಒತ್ತಿಕೊಳ್ಳಲೆಂದು ತಾಯಿ ರಕ್ತದಂತೆ ಬಣ್ಣ ಹಚ್ಚಿಕೊಡುವ ಕರವಸ್ತ್ರ ಅದು. ಅದರ ಮೇಲೆ ಎರಡು ಬಗೆಯ ಕೆಂಪಿತ್ತು: ಒಂದು ಗುಲಾಬಿಯಾಗಿ ಹಬ್ಬಿತ್ತು, ಇನ್ನೊಂದು ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಿತ್ತು.

"ಇದೂ ನಿನ್ನ ಬಣ್ಣನಾ?"

ತಂಗಿ ಅದನ್ನು ಇಸಿದುಕೊಳ್ಳಲು ಕೈ ಚಾಚಿದಳು.

"ಒಗೆಯೋಳು ನೀನೇ ತಾನೇ? ಎಷ್ಟು ದಿನದಿಂದ?"

"ಇನ್ನು ಮೂರೇ ವಾರ, ಮೂರೇ ಪ್ರಯೋಗ ಅಕ್ಕ. ಕೊನೇದು ದೊಡ್ಡ ನಾಟಕ ಸ್ಪರ್ಧೆ. ಅದು ಮುಗೀಲಿ, ತೋರಿಸ್ತೀನಿ."

ಅಕ್ಕ ಮಗುವಿನ ಹಣೆ ಮುಟ್ಟಿದಳು. ಫ್ರಾಕು ಬಿಚ್ಚಿಸುವ ಗೊಡವೆಗೂ ಹೋಗದೆ ತನ್ನ ಶಾಲು ಹೊದಿಸಿ, ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಅಡ್ಡ ಬಂದ ಮೇಷ್ಟ್ರಿಗೆ, "ಸರೀರಿ ಆಚೆ" ಎಂದಷ್ಟೇ ಹೇಳಿದಳು.

ಕ್ಷಯ. ಎಡ ಶ್ವಾಸಕೋಶ ಅರ್ಧ ಹಾಳಾಗಿತ್ತು. ತಂಡದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. ಕಡ್ಡಿಯನ್ನು ಎತ್ತಿ ಮುದ್ದಾಡಿದ್ದ ನಟಿಯರು ಸಾಲಿನಲ್ಲಿ ನಿಂತು ದರ್ಜಿಯನ್ನು ಬಾಯಿಗೆ ಬಂದಂತೆ ಬೈದರು. ಯಾರಿಗೂ ಏನೂ ಆಗಿರಲಿಲ್ಲ. ಮೇಷ್ಟ್ರು ಬೇರೊಬ್ಬ ಹುಡುಗಿಯನ್ನು ತಂದು ಕೆನ್ನೆಗೆ ಬೂದು ಬಣ್ಣ ಬಳಿಸಿದರು. ತಾಯಿ ಅವಳಿಗೆ ಹೊಸ ಫ್ರಾಕು ಹೊಲಿದಳು. ಸ್ಪರ್ಧೆಯಲ್ಲಿ ಏನೂ ಬರಲಿಲ್ಲ.

ಕಡ್ಡಿ ದೊಡ್ಡಮ್ಮನ ಮನೆಯಲ್ಲೇ ಉಳಿದಳು. ಬೆಳಗ್ಗೆ ಎದ್ದ ಕೂಡಲೇ ಹಿಡಿ ತುಂಬ ಮಾತ್ರೆ. ನುಂಗಿದ್ದು ವಾಂತಿಯಾದರೆ ದೊಡ್ಡಮ್ಮ ಗದರಿ ಮತ್ತೆ ನುಂಗಿಸುತ್ತಿದ್ದಳು. ಆರು ತಿಂಗಳಲ್ಲಿ ಕೆನ್ನೆ ತುಂಬಿತು. ಭಾನುವಾರ ತಾಯಿ ಬರುತ್ತಿದ್ದಳು. ಆಮೇಲಾಮೇಲೆ ಎರಡು ವಾರಕ್ಕೊಮ್ಮೆ.

ಏಳನೆಯ ತಿಂಗಳು ದೊಡ್ಡಮ್ಮ ಕೆಲಸಕ್ಕೆ ಹೋಗಿದ್ದಾಗ ತಾಯಿ ಬಂದು ಮಗಳಿಗೆ ತಲೆ ಬಾಚಿ ಮೇಷ್ಟ್ರ ಬಳಿ ಕರೆದೊಯ್ದಳು. "ಪೂರ್ತಿ ವಾಸಿಯಾಗಿದೆ ಮೇಷ್ಟ್ರೇ. ಮಾತೆಲ್ಲ ಇನ್ನೂ ಬಾಯಿಪಾಠ ಇದೆ."

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಒಳ್ಳೇದಾಯ್ತು. ಆದ್ರೆ ಈ ಮುಖ ಸತ್ರೆ ಯಾರಮ್ಮ ಅಳ್ತಾರೆ? ಯಾವುದಾದ್ರೂ ಮದುವೆ ದೃಶ್ಯ ಇದ್ರೆ ಹೇಳಿ ಕಳಿಸ್ತೀನಿ."

ವಾಪಸು ಬರುವಾಗ ದಾರಿಯುದ್ದಕ್ಕೂ ತಾಯಿ ಮಗಳ ಕೈ ಹಿಡಿದುಕೊಂಡಿದ್ದಳು. ಅಕ್ಕನ ಬೀದಿಗೆ ತಿರುಗಿದ ಮೇಲೆ, ಮಗಳಿಗೋ ತನಗೋ ಎಂಬಂತೆ ಹೇಳಿದಳು: "ನಿಮ್ಮ ದೊಡ್ಡಮ್ಮ ಮೂರು ವಾರ ತಡ್ಕೊಂಡಿದ್ರೆ ಎಲ್ಲ ಬೇರೆ ಥರ ಆಗ್ತಿತ್ತು."

ಹುಡುಗಿ ಕೈ ಬಿಡಿಸಿಕೊಂಡಳು. ಕಿತ್ತುಕೊಳ್ಳಲಿಲ್ಲ, ಬೀಗ ತೆಗೆಯಬೇಕಿತ್ತು, ಬೀಗದ ಕೈ ಅವಳ ಬಳಿಯೇ ಇತ್ತು. ಬಾಗಿಲು ತೆರೆದು ಪಕ್ಕಕ್ಕೆ ನಿಂತಳು.

"ಬನ್ನಿ, ಕೂತ್ಕೊಳ್ಳಿ" ಎಂದಳು. "ನೀರು ಕುಡೀತೀರಾ?"

ಹುಟ್ಟಿದಾಗಿನಿಂದ ತಾಯಿಯನ್ನು ನೀನು ಎಂದೇ ಕರೆದವಳು. ತಾಯಿ ಅವಳ ಮುಖವನ್ನು ಹುಡುಕಿ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ನಾಟಕವೂ ಇರಲಿಲ್ಲ. ಹುಡುಗಿ ಒಳಗೆ ಹೋಗಿ, ಹೊರಗಿನವರಿಗೆಂದು ಇಟ್ಟಿದ್ದ ಗಾಜಿನ ಲೋಟದಲ್ಲಿ ನೀರು ತಂದು ಕೊಟ್ಟಳು. ತಾಯಿ ಕುಡಿದು ಮುಗಿಸುವವರೆಗೂ ಬಾಗಿಲ ಬಳಿ ಸುಮ್ಮನೆ ಕಾದು ನಿಂತಿದ್ದಳು.