ಎಷ್ಟರ ಲೆಕ್ಕದಲ್ಲಿ?

ಸರಕೆಂದು ಅಳೆದರೆ ವೆಂಡೆಲ್ ಮಾಮನನ್ನು ಯಾವ ವ್ಯಾಪಾರಿಯೂ ಮುಟ್ಟಲಾರ: ಎತ್ತರವಿದೆ, ಗಾತ್ರವಿಲ್ಲ, ಕೋಟಿನ ಬಟ್ಟೆ ಉತ್ಕೃಷ್ಟ, ಆದರೆ ಮೊಣಕೈಯ ಹತ್ತಿರ ಅದು ಮುಗಿದುಹೋಗಿದೆ, ಎಡಜೇಬಿನ ತುಂಬ ಹಳೆಯ ಟ್ರಾಮ್ ಟಿಕೆಟ್ಟುಗಳ ಕಂತೆಯಿರುವುದರಿಂದ ನಡಿಗೆಯೂ ಎಡಕ್ಕೇ ವಾಲುತ್ತದೆ. ಸೆಗೆಡ್ ಊರಿನ ರೈಲ್ವೆ ತೂಕದ ಮನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ತಿಂಗಳಿಗೊಂದು ಸೀಸೆ ಜೇನು ಕೊಳ್ಳುವ ಹಕ್ಕಿನಿಂದ ದಿನವೂ ನನ್ನ ಜೇನಂಗಡಿಯಲ್ಲಿ ಕುರ್ಚಿ ಹಿಡಿಯುತ್ತಾರೆ. ಯಾರು ಯಾವ ಸಂಖ್ಯೆ ಹೇಳಲಿ, ಅವರದು ಒಂದೇ ಪ್ರಶ್ನೆ: "ಎಷ್ಟರ ಲೆಕ್ಕದಲ್ಲಿ?" ಹತ್ತರಲ್ಲಿ ಎಣಿಸುವುದು ಅವರ ಪಾಲಿಗೆ ಲೋಕದ ಒಂದು ದುರಭ್ಯಾಸ.

ಕೊನೆಯಲ್ಲಿ ಸೊನ್ನೆಯ ಆಸರೆಯಿಲ್ಲದೆ, ಅಂಕಿಗಳನ್ನು ತಿರುಗಿಸಿ ಬರೆದ ತನ್ನದೇ ಬೇರೆ ರೂಪದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳ ಬೇಟೆ ಆ ಟಿಕೆಟ್ಟುಗಳ ಬೆನ್ನ ಮೇಲೆ ನಡೆಯುತ್ತದೆ.

"ಹತ್ತರಲ್ಲಾದ್ರೆ ನಾಲ್ಕಂಕಿವರೆಗೆ ಅಲೀಬೇಕು ಕಣೋ, ಅಂಡೋರ್. ೮೭೧೨, ತಿರುಗ್ಸಿದ್ರೆ ೨೧೭೮, ಸರಿಯಾಗಿ ನಾಲ್ಕು ಪಾಲು. ಐದರಲ್ಲಾದ್ರೆ ಕೈಯೇ ಸಾಕು. ಒಂದು ಕೈ, ಮೂರು ಬೆರಳು: ಎಂಟು. ಮೂರು ಕೈ, ಒಂದು ಬೆರಳು: ಹದಿನಾರು. ತಿರುಗ್ಸಿದ್ದಕ್ಕೇ ಎರಡರಷ್ಟಾಯ್ತು!"

"ಬ್ರೆಡ್ಡಿಗೆ ಹಚ್ಕೊಂಡು ತಿನ್ನೋಕಾಗುತ್ತಾ ಮಾಮಾ?" ಎನ್ನುತ್ತಿದ್ದೆ.

ಒಂದು ಶುಕ್ರವಾರ, ಇಪ್ಪತ್ತೊಂದು ಸೀಸೆ ಕೇಳಿದ್ದ ವಸತಿಗೃಹಕ್ಕೆ ನನ್ನ ಉಗ್ರಾಣದಿಂದ ನಲವತ್ತೆರಡು ಹೋದವು. ಉಗ್ರಾಣ ನೋಡಿಕೊಳ್ಳುವ ಎಟೆಲ್ಕಾಳ ಭಾವ ಆ ವಸತಿಗೃಹದಲ್ಲೇ ಅಡುಗೆಯವನು.

"ಕೈತಪ್ಪಾದ್ರೆ ಮೂರೋ ನಾಲ್ಕೋ ಹೆಚ್ಚು ಹೋಗುತ್ತೆ. ಸರಿಯಾಗಿ ಎರಡರಷ್ಟು ಅಂದ್ರೆ ಅರ್ಧ ಭಾವನಿಗೆ ತಾನೇ? ನಾಳೆಯಿಂದ ಬರ್ಬೇಡ," ಎಂದೆ.

"ಹನ್ನೊಂದು ವರ್ಷದಲ್ಲಿ ಒಂದು ಚಮಚ ನೆಕ್ಕಿಲ್ಲ ಯಜಮಾನ್ರೇ. ನೀವು ಬರೆದದ್ದನ್ನೇ ಕಳ್ಸಿದೀನಿ." ಅವಳು ಚೀಟಿ ಚಾಚಿದಳು. ನಾನು ನೋಡಲಿಲ್ಲ. ಅವಳು ಏಪ್ರನ್ನಿನ ಗಂಟು ಬಿಚ್ಚತೊಡಗಿದಳು.

"ನಲವತ್ತೆರಡು... ಎಷ್ಟರ ಲೆಕ್ಕದಲ್ಲಿ?" ಮೂಲೆಯಿಂದ ಮಾಮನ ದನಿ.

"ಈಗೊಂದಿಷ್ಟು ಸುಮ್ನಿರಿ ಮಾಮಾ."

"ಪೆಟ್ಟಿಗೆಗೆ ಎಷ್ಟು ಸೀಸೆ ಹಿಡಿಯುತ್ತೋ?"

"ಎಂಟು."

ಮಾಮ ಚೀಟಿ ಕಸಿದುಕೊಂಡು ನೋಡಿ, ಮದುವೆ ಮನೆಯಲ್ಲಿ ನಗುವಂತೆ ನಕ್ಕರು. "ಎರಡು ಪೆಟ್ಟಿಗೆ, ಬಿಡಿ ಐದು: ಇಪ್ಪತ್ತೊಂದು. ತಿರುಗ್ಸು. ಐದು ಪೆಟ್ಟಿಗೆ, ಬಿಡಿ ಎರಡು: ನಲವತ್ತೆರಡು! ಎಂಟರಲ್ಲಿ ಇದು ಇದೆ ಅಂತ ಕಾಗದದ ಮೇಲೆ ಗೊತ್ತಿತ್ತು ಕಣೋ, ಜೇನಲ್ಲಿ ನೋಡಿದ್ದು ಇದೇ ಮೊದಲು."

ಪೆಟ್ಟಿಗೆ ಮೊದಲು, ಬಿಡಿ ಆಮೇಲೆ, ಇದು ನಮ್ಮ ಉಗ್ರಾಣದ ರೂಢಿ. ಚೀಟಿಯಲ್ಲಿ '೨-೫'ರ ಬದಲು '೫-೨' ಎಂದು ಬಿಡಿಯೇ ಮೊದಲಿತ್ತು. ಐದಕ್ಕೆ ಉದ್ದನೆಯ ಬಾಲ ಎಳೆಯುವ ಚಟ ಈ ಅಂಗಡಿಯಲ್ಲಿ ನನಗೊಬ್ಬನಿಗೇ ಇರುವುದು. ಆ ಬೆಳಿಗ್ಗೆ ಫೋನಿನಲ್ಲಿ ಹರಟುತ್ತ ಬರೆದಿದ್ದೆ.

"ಪೆಟ್ಟಿಗೆಗೆ ಒಂಬತ್ತು ಹಿಡಿದಿದ್ರೆ?" ಮಾತು ಮರೆಸಲು ಕೇಳಿದೆ.

"ಇದೇ ಎರಡು ಪೆಟ್ಟಿಗೆ, ಬಿಡಿ ಐದು ಅಂದ್ರೆ ಇಪ್ಪತ್ತಮೂರು; ತಿರುಗಿದ್ರೆ ನಲವತ್ತೇಳು ಹೋಗ್ತಿತ್ತು. ಸರಿಯಾಗಿ ಎರಡರಷ್ಟಾಗ್ತಿರ್ಲಿಲ್ಲ. ನೀನು ಅವಳನ್ನ ಕಳ್ಳಿ ಅಂತಿರ್ಲಿಲ್ಲ."

ನಾನು ಕ್ಷಮೆ ಕೇಳಿದೆ. ಎಟೆಲ್ಕಾ ಏಪ್ರನ್ನಿನ ಗಂಟನ್ನು ಮತ್ತೆ ಬಿಗಿದಳು.

ನಿರುಪಯುಕ್ತವೆನಿಸುವ ಒಂದು ಸತ್ಯದ ಬೆನ್ನುಹತ್ತಿ ಆಯುಷ್ಯ ಸವೆಸುವವರ ಜಾತಿಯೇ ಹೀಗೆ: ದಾರಿಯಲ್ಲಿ ನ್ಯಾಯ ಸಿಕ್ಕರೆ ಅದನ್ನೆತ್ತಿ ಯಾರದೋ ಮೇಜಿನ ಮೇಲಿಟ್ಟು, ತಮ್ಮ ಟಿಕೆಟ್ಟಿನ ಬೆನ್ನಿಗೆ ಮರಳಿಬಿಡುತ್ತಾರೆ. ನಿರಪರಾಧಿಯೊಬ್ಬಳಿಗೆ ಕಳ್ಳಿಯೆಂಬ ಹೆಸರು ಹೊರಿಸಿ ಅಟ್ಟಿದವನೆನ್ನಿಸಿಕೊಳ್ಳದೆ ನಾನು ಉಳಿದದ್ದು ವೆಂಡೆಲ್ ಮಾಮನಿಂದ.