ತಾಯಿಯ ಕವಾಟದ ಅಳತೆ

ಸ್ಫಾಕ್ಸ್ ಊರಿನಲ್ಲಿ ಹೃದಯದ ಚಿತ್ರ ತೆಗೆಯುವ ವೈದ್ಯರು ಬೇರೆಯವರೂ ಇದ್ದರು. ಆದರೆ ತಾಯಿಯ ಹೃದಯವನ್ನು ಇನ್ನೊಬ್ಬರ ಕೈಗೆ ಕೊಡಲು ಅಹ್ಲಾಮಳಿಗೆ ಮನಸ್ಸಿರಲಿಲ್ಲ. ಅದು ಪ್ರೀತಿಯೂ ಹೌದು, ಜಂಬವೂ ಹೌದು.

ತಾಯಿ ಮೊಂಜಿಯಾಳ ಹೃದಯದ ಕವಾಟ ಸುಣ್ಣಗಟ್ಟಿ ಕಲ್ಲಾಗಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಎದೆ ಸೀಳದೆ, ತೊಡೆಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ ಹೊಸ ಕವಾಟ ಕೂರಿಸುವುದೆಂದು ಡಾಕ್ಟರ್ ಮಹ್ರೆಜ್ ನಿರ್ಧರಿಸಿದ್ದ. ಎಷ್ಟು ದೊಡ್ಡ ಕವಾಟ, ಯಾವ ದಾರಿ ಎಂಬುದನ್ನೆಲ್ಲ ಸ್ಕ್ಯಾನ್ ಚಿತ್ರವೇ ಹೇಳಬೇಕು. ಕವಾಟ ಚಿಕ್ಕದಾದರೆ ಜಾರುತ್ತದೆ, ದೊಡ್ಡದಾದರೆ ರಕ್ತನಾಳದ ಬುಡವೇ ಹರಿಯುತ್ತದೆ. ಚಿತ್ರ ಮೂಡಲು ನರಕ್ಕೆ ಬಣ್ಣದ ಮದ್ದು ಚುಚ್ಚಬೇಕು. ಅದು ತೊಳೆದುಹೋಗಲು ಮೈಯಲ್ಲಿ ನೀರಿರಬೇಕು, ಇಲ್ಲವಾದರೆ ಮೂತ್ರಪಿಂಡ ಕೆಡುತ್ತದೆ. ಮೊಂಜಿಯಾಳ ಮೂತ್ರಪಿಂಡ ಮೊದಲೇ ಅಷ್ಟಕ್ಕಷ್ಟೆ. ಹಾಗಾಗಿ ಅಹ್ಲಾಮ್ ಹಿಂದಿನ ದಿನದಿಂದಲೇ ಫೋನಿನ ಮೇಲೆ ಫೋನು ಮಾಡಿ, ನೀರು ಕುಡಿ, ನೀರು ಕುಡಿ ಎಂದು ತಲೆ ತಿಂದಳು. ಹೊಟ್ಟೆ ಒಡೆಯುವಷ್ಟು ಕುಡಿದೆ ಎಂದು ತಾಯಿ ಗೊಣಗಿದಳು.

ಸ್ಕ್ಯಾನ್ ಮೇಜಿನ ಮೇಲೆ ಮಲಗಿದ ಮುದುಕಿ ಮಗಳ ಕೈ ಹಿಡಿದು ಕೇಳಿದಳು.

"ಈ ಬಣ್ಣ ನರಕ್ಕೆ ತಾನೇ? ಬಾಯಿಗೇನೂ ಇಲ್ವಲ್ಲ?"

"ನರಕ್ಕೇ ಕಣಮ್ಮಾ. ಕುಡಿಸೋಕೆ ಅದೇನು ಶರಬತ್ತಾ?"

ಜೊತೆಗೆ ಒಂದು ಬಾಟಲಿ ಸಲೈನ್ ಏರಿಸುತ್ತೇನೆ ಎಂದಾಗ ಮಾತ್ರ ತಾಯಿ ಹಟ ಹಿಡಿದಳು. ಅದು ಊಟಕ್ಕೆ ಸಮ, ಬೇಡವೇ ಬೇಡ ಎಂದಳು. ಎಷ್ಟು ಗೋಗರೆದರೂ ಜಗ್ಗಲಿಲ್ಲ. ಹೇಗೂ ನೀರು ಕುಡಿದಿದ್ದಾಳಲ್ಲ ಎಂದು ಅಹ್ಲಾಮ್ ಸೋತಳು. ಬೇರೆ ರೋಗಿಯಾಗಿದ್ದರೆ ಸೋಲುತ್ತಿರಲಿಲ್ಲ.

ಚಿತ್ರ ಕನ್ನಡಿಯಂತೆ ಬಂತು. ಕವಾಟದ ಉಂಗುರ ಪೂರ್ತಿ ಅಗಲವಾಗುವ ಕ್ಷಣವನ್ನು ಹಿಡಿದು ನಿಲ್ಲಿಸಿ ಅಹ್ಲಾಮ್ ಅಳೆದಳು, ಮತ್ತೆ ಅಳೆದಳು. ಇಂಥ ಕೆಲಸ ನಾನು ನೋಡಿಲ್ಲ ಎಂದು ಮಹ್ರೆಜ್ ಹೊಗಳಿದ, ಅದೇ ಅಳತೆಯ ಕವಾಟ ತರಿಸಿದ. ಅಹ್ಲಾಮ್ ಬೀಗಿದಳು.

ಕವಾಟ ಬರುವಷ್ಟರಲ್ಲಿ ಮೊಂಜಿಯಾಳ ಮೂತ್ರ ನಿಂತಿತ್ತು, ಮುಖ ಊದಿತ್ತು. ಆಸ್ಪತ್ರೆಯ ಪಡಸಾಲೆಯಲ್ಲಿ ಅತ್ತಿಗೆ ಸೆಲ್ವಾ ಅಳುತ್ತ ಬಾಯಿಬಿಟ್ಟಳು. ಮೊಂಜಿಯಾ ಇದ್ದದ್ದು ಅವಳ ಮನೆಯಲ್ಲೇ.

"ಅತ್ತೆ ಹಗಲೆಲ್ಲ ಹನಿ ನೀರೂ ಕುಡೀದೆ ಉಪವಾಸ ಇದ್ರು, ಸ್ಕ್ಯಾನ್ ದಿನಾನೂ ಸೇರಿ. ಹಳೇ ರಂಜಾನಿನ ಬಾಕಿ ತೀರಿಸ್ತಿದ್ರು. ಆಪರೇಷನ್ನಲ್ಲಿ ಏನಾದ್ರೂ ಆದ್ರೆ ದೇವರಿಗೆ ಏನು ಮುಖ ತೋರಿಸ್ಲಿ ಅಂತ. ನಿಂಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ರು."

"ಯಾವ ರಂಜಾನಿಂದು?"

"ನೀನು ಹೊಟ್ಟೇಲಿದ್ದಾಗಿಂದು."

ಬಸಿರಿನಲ್ಲಿ ಬಿಟ್ಟ ಉಪವಾಸವನ್ನು ಆಮೇಲೆ ಹಿಡಿದು ತೀರಿಸಬೇಕು. ನಾಳೆ, ನಾಡಿದ್ದು ಎನ್ನುತ್ತ ಹೆಂಗಸರು ವರ್ಷಗಳನ್ನೇ ತಳ್ಳುತ್ತಾರೆ. ಕಾಯಿಲೆಯವರಿಗೆ ವಿನಾಯಿತಿ ಉಂಟೆಂದು ಮೊಂಜಿಯಾಳಿಗೆ ಗೊತ್ತಿಲ್ಲದ್ದೇನಲ್ಲ. ವಿನಾಯಿತಿ ಬೇಡುವ ಜಾಯಮಾನ ಅವಳದಲ್ಲ. ಆಣೆ ಉಳಿಸಿಕೊಂಡ ಸೆಲ್ವಾಳ ಕೆನ್ನೆಗೆ ಬಾರಿಸಬೇಕೆನಿಸಿತು ಅಹ್ಲಾಮಳಿಗೆ. ಮರುಕ್ಷಣ, ಶರಬತ್ತಿನ ಮಾತಾಡಿ ನಕ್ಕ ತನ್ನ ಕೆನ್ನೆಗೇ.

ಮಹ್ರೆಜ್ ಕಣ್ಣು ತಪ್ಪಿಸಿ ಮಾತಾಡಿದ. ಕವಾಟ ಕೂರಿಸುವಾಗಲೂ ಬಣ್ಣ ಬೇಕು, ಮೂತ್ರಪಿಂಡ ತಡೆಯದು. ರಕ್ತ ತೊಳೆಯುವ ಯಂತ್ರಕ್ಕೆ ಹಾಕಿದರೆ ಈ ಹೃದಯ ತಡೆಯದು. ಒಮ್ಮೆ ಹಾಕಿ ನೋಡಿ ಅರ್ಧದಲ್ಲೇ ನಿಲ್ಲಿಸಿದ್ದರು. ಅಷ್ಟು ಕರಾರುವಾಕ್ಕಾದ ಅಳತೆ ಯಾವ ಉಪಯೋಗಕ್ಕೂ ಬರಲಿಲ್ಲ.

ಮಧ್ಯಾಹ್ನ ಮೊಂಜಿಯಾ ಕಣ್ಣು ತೆರೆದು ನೀರು ಕೇಳಿದಳು. ಮೂತ್ರ ನಿಂತ ಮೈಗೆ ಈಗ ನೀರೇ ವಿಷ. ಕೊಡುವ ಹಾಗಿಲ್ಲ ಎಂದು ಮಗಳು ಹೇಳಬೇಕಾಯಿತು.

"ಅವತ್ತು ಕುಡಿ ಕುಡಿ ಅಂತ ಪ್ರಾಣ ತಿಂದೆ. ಇವತ್ತು ಕೇಳಿದ್ರೂ ಇಲ್ವೇನೇ?"

ಅಹ್ಲಾಮ್ ಹತ್ತಿಯನ್ನು ನೀರಿನಲ್ಲಿ ಅದ್ದಿ, ತುಟಿಗಾದರೂ ಸವರೋಣವೆಂದು ಬಗ್ಗಿದಳು. ಮುದುಕಿ ಏನೋ ಹೊಳೆದವಳಂತೆ ಮುಖ ತಿರುಗಿಸಿಕೊಂಡಳು.

"ಬೆಳಗಿಂದ ಬಾಯಿಗೆ ಏನೂ ಬಿದ್ದಿಲ್ಲ ಅಲ್ವಾ? ಹಾಗಾದ್ರೆ ಇವತ್ತಿಂದೂ ಸೇರ್ತು. ಇದೊಂದೇ ಉಪವಾಸ ಉಳಿದಿದ್ದು ಕಣೇ, ನಿಂದು. ಹೊತ್ತು ಮುಳುಗ್ಲಿ, ತಡಿ."

ಹೊರಗೆ ಬಿಸಿಲು ಸುಡುತ್ತಿತ್ತು. ತಾನು ಹುಟ್ಟಿದ್ದರ ಮೇಲೇ ಸಿಟ್ಟು ಬಂದು ಅಹ್ಲಾಮ್ ಅಲ್ಲೇ ನಿಂತಿದ್ದಳು. ಹತ್ತಿ ಅವಳ ಕೈಯಲ್ಲೇ ಒಣಗಿತು.