ಸ್ಕೂಟರಿನ ಕೆಳಗಿನ ಮೊಟ್ಟೆಗಳು

"ಅವ್ವಾರ, ತತ್ತಿ ಅದಾವ್ರೀ! ಸ್ಕೂಟರ್ ಬುಡಕ ತತ್ತಿ!"

ಬಾಡಿಗೆಮನೆಯ ಚನ್ನಕ್ಕ ಹಿತ್ತಲಿನಿಂದ ಹಾಗೆ ಕೂಗಿದಾಗ ಮನೆ ಒಡತಿ ಅಶ್ವತ್ಥಮ್ಮನ ಕಿವಿಗೆ ಬಿದ್ದದ್ದು ಬೇರೆಯೇ. ಕಾಡುಗೋಡಿಯಲ್ಲೇ ಹುಟ್ಟಿ, ಕಾಡುಗೋಡಿಗೇ ಸೊಸೆಯಾಗಿ, ಹೊಲ ಇದ್ದ ಕಡೆ ಎಂಟು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಆಕೆಗೆ ಯಾದಗಿರಿ ಕಡೆಯ 'ತತ್ತಿ' ಹೊಸದು. ಬೀದಿಯಲ್ಲಿ ದಿನಾ ಕೇಳುವ ಹಿಂದಿಯ 'ಟಟ್ಟಿ' ಹಳೆಯದು. "ಆ ಕರೀ ನಾಯಿ ಮತ್ತೆ ಬಂದು ಹೇತೋಯ್ತಾ?" ಎನ್ನುತ್ತ ಒಂದು ಕೈಯಲ್ಲಿ ಮೋಟು ಪೊರಕೆ, ಇನ್ನೊಂದರಲ್ಲಿ ಬ್ಲೀಚಿಂಗ್ ಪುಡಿಯ ಡಬ್ಬ ಹಿಡಿದು ಓಡಿ ಬಂದಳು.

"ಅದಲ್ರೀ ಯವ್ವಾ, ತತ್ತಿ! ಕೋಳಿ ಇಡ್ತದಲ್ಲ, ಅದು!"

"ಮೊಟ್ಟೆ ಅನ್ನೇ! ಬೆಳಿಗ್ಗೆ ಬೆಳಿಗ್ಗೆ ಏನೇನೋ ಅಂತೀಯ."

ಅಶ್ವತ್ಥಮ್ಮ ಬಗ್ಗಿ ನೋಡಿದಳು. ಸ್ಕೂಟರಿನ ಕೆಳಗೆ, ರೂಮು ಏಳಿಸುವಾಗ ಸಾರುವೆ ಕಟ್ಟಿ ಮಿಕ್ಕ ಬಿದಿರು ಬೊಂಬುಗಳು ಕೊಳೆತು ಬಿದ್ದಿದ್ದ ಜಾಗದಲ್ಲಿ, ನಾಲ್ಕು ಬಿಳಿ ಮೊಟ್ಟೆಗಳು ಅರ್ಧ ಮಣ್ಣಿನೊಳಗೆ ಕೂತಿದ್ದವು. ಪೊರಕೆಯ ಕಡ್ಡಿ ತಾಗಿಸಿದಳು. ಗಟ್ಟಿ ಇಲ್ಲ, ಹಾವಿನ ಮೊಟ್ಟೆಯ ಹಾಗೆ ಮೆತ್ತಗೆ ಒಳಕ್ಕೆ ಹೋಗಿ ಮೇಲೆ ಬಂತು. ಪೊರಕೆ ಅಲ್ಲೇ ಬಿತ್ತು.

"ಅಯ್ಯೋ ನಾಗಪ್ಪಾ! ಬ್ಲೀಚಿಂಗ್ ಪುಡಿ ಎರಚ್ಬಿಡ್ತಿದ್ನಲ್ಲೋ ನನ್ನಪ್ಪಾ!" ಎಂದು ಎರಡೂ ಕೆನ್ನೆ ಬಡಿದುಕೊಂಡಳು.

ಹೆದರಿಕೆಗೆ ಕಾರಣವಿತ್ತು. ಎಂಟನೇ ರೂಮಿಗೆ ಪಾಯ ತೆಗೆಸುವಾಗ ಅಲ್ಲೊಂದು ಸಣ್ಣ ಹುತ್ತ ಇತ್ತು. ಜೆಸಿಬಿಯವನು ಮಣ್ಣುಗುಡ್ಡೆ ಅಂದುಕೊಂಡು ಎತ್ತಿಹಾಕಿದ್ದ. ಅವತ್ತಿನಿಂದ ಅಶ್ವತ್ಥಮ್ಮ, ನಾಗಪ್ಪ ಇಂದಲ್ಲ ನಾಳೆ ವಿಚಾರಿಸಿಕೊಳ್ಳಲು ಬಂದೇ ಬರುತ್ತಾನೆ ಎಂದು ಒಳಗೊಳಗೇ ಕಾಯುತ್ತಿದ್ದಳು. ಬಂದಿದ್ದಾನೆ, ಅದೂ ಸಂಸಾರ ಸಮೇತ.

ಸೊಸೆ ಶ್ಯಾಮಲಾ ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತಳು. ಸ್ಕೂಟರು ಅವಳ ಗಂಡ ದೇವರಾಜನದು. ಅವನು ತೀರಿಕೊಂಡು ವರ್ಷ ದಾಟಿತ್ತು. ಬರುವ ಭಾನುವಾರ ಗುಜರಿಯವನು ಬಂದು ಸ್ಕೂಟರು ಒಯ್ಯುವುದು, ಆ ಮೂಲೆಯಲ್ಲಿ ಒಂಬತ್ತನೇ ರೂಮು ಏಳುವುದು ಎಂದು ಅತ್ತೆಯ ಅಣ್ಣ ವೆಂಕಟರಮಣಪ್ಪ ಗೊತ್ತುಮಾಡಿದ್ದ. ಶ್ಯಾಮಲಾ ಬೇಡ ಅಂದಿರಲಿಲ್ಲ. ಬೇಡ ಅನ್ನಲು ಒಂದು ಕಾರಣ ಬೇಕು. ಟೈರು ಕೂತುಹೋದ ಗಾಡಿಯ ಸೀಟನ್ನು ದಿನಾ ಒರೆಸುತ್ತೇನೆ ಎಂಬುದನ್ನು ಯಾರೂ ಕಾರಣ ಅನ್ನುವುದಿಲ್ಲ.

ಈಗ ಸ್ಕೂಟರಿನ ಕೆಳಗೆ ನಾಲ್ಕು ಕಾರಣಗಳು ಕೂತಿದ್ದವು.

"ಯಾರೂ ಈ ಗಾಡಿ ಅಲ್ಲಾಡಿಸ್ಬಾರ್ದು," ಎಂದಳು ಅಶ್ವತ್ಥಮ್ಮ. "ಮರಿ ಆಗಿ ಓಗೋಗಂಟ ಒಂದ್ ಕಡ್ಡೀನೂ ಎತ್ತಂಗಿಲ್ಲ."

"ಸೀಟು ಒರೆಸ್ಲಾ ಅತ್ತೆ?"

"ಮೆಲ್ಲುಕ್ಕೆ ಒರ್ಸು."

ಮಧ್ಯಾಹ್ನ ಅತ್ತೆ ಮಲಗಿದಾಗ ಶ್ಯಾಮಲಾ ಹಿತ್ತಲಿಗೆ ಹೋಗಿ ಒಂದು ಮೊಟ್ಟೆಯ ಸುತ್ತ ಚಮಚದಿಂದ ಮಣ್ಣು ಬಿಡಿಸಿದಳು. ಬುಡದಲ್ಲಿ ಬಿಳೀ ದಾರದಂಥ ಬೇರು ಹೊರಟು ಕೊಳೆತ ಬಿದಿರಿನೊಳಗೆ ಹೋಗಿತ್ತು. ಬೇರು ಬಿಡುವ ಹಾವು ಎಲ್ಲೂ ಇಲ್ಲ. ಎಂ.ಎಸ್ಸಿ. ಬಾಟನಿಯಲ್ಲಿ ಇದರ ಚಿತ್ರ ಬರೆದು ಬಣ್ಣ ತುಂಬಿದ್ದಳು. ಇದು ಅಣಬೆ. ಮೊಟ್ಟೆಯಂತೆ ಮಲಗಿದ್ದು ಒಂದು ದಿನ ಒಡೆದು ಮೇಲೇಳುವ ಜಾತಿ. ಶ್ಯಾಮಲಾ ಮಣ್ಣನ್ನು ಮೊದಲಿನಂತೆಯೇ ಮುಚ್ಚಿ, ಚಮಚ ತೊಳೆದಿಟ್ಟಳು.

ಸಂಜೆ ಅತ್ತೆ ಕೇಳಿಯೇಬಿಟ್ಟಳು. "ಶ್ಯಾಮಲಾ, ನೀನು ಓದ್ದೋಳು. ಇವು ಕೇರೆದೋ ನಾಗರದೋ?"

"ನಾನು ಓದಿದ್ದು ಗಿಡ ಮರ, ಅತ್ತೆ. ಹಾವು ನಮ್ಮ ಡಿಪಾರ್ಟ್‌ಮೆಂಟಿಗೆ ಬರಲ್ಲ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಾರನೆಯ ದಿನದಿಂದ ಮೊಟ್ಟೆಗಳಿಗೆ ಹಾಲು ಶುರುವಾಯಿತು. ಶ್ಯಾಮಲಾಳ ಕಾಫಿ ಕಪ್ಪಾಯಿತು. ಅಶ್ವತ್ಥಮ್ಮ ತಲೆಯ ಮೇಲೆ ಸೆರಗು ಹೊದ್ದು, ಬರಿಗಾಲಲ್ಲಿ, ಸ್ಕೂಟರಿನ ಹಿಂದಿನ ಚಕ್ರದ ಮುಂದೆ ನಿಂತು ಕೈ ಮುಗಿಯುತ್ತಿದ್ದಳು. ಹಿತ್ತಲಿಗೆ ಬಂದ ಬಾಡಿಗೆಯವರಿಗೆ ನಂಬರ್ ಪ್ಲೇಟಿಗೆ ಪೂಜೆ ಮಾಡಿದಂತೆ ಕಾಣುತ್ತಿತ್ತು. "ತಪ್ಪಾಯ್ತು ನನ್ನಪ್ಪಾ. ಆ ಜೆಸಿಬಿಯೋನು ಒಸಬ, ಅವ್ನಿಗೆ ಗೊತ್ತಿರ್ಲಿಲ್ಲ. ಅವ್ನ ಅಡ್ರೆಸ್ಸು ಬೇಕಾದ್ರೆ ಕೊಡ್ತೀನಿ." ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಶ್ಯಾಮಲಾಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ಏನು ಮಾಡಬೇಕೆಂದು ತೋಚದೆ ಕೆಮ್ಮಿದಳು. ಆಮೇಲೆ ನಾಚಿಕೆಯಾಯಿತು. ಹೇಳಿಬಿಡಬೇಕು ಎಂದು ಬಾಗಿಲವರೆಗೂ ಬಂದಳು. ಸ್ಕೂಟರು ಕಾಣಿಸಿತು. ಹಿಂದಕ್ಕೆ ಹೋದಳು.

ವೆಂಕಟರಮಣಪ್ಪ ಅಳತೆಯ ಟೇಪು ಹಿಡಿದು ಬಂದವನು ಹಾಗೇ ನಿಂತ. "ಹಾವು ಹಿಡಿಯೋನ್ನ ಕರೆಸಿ ಎತ್ತಾಕ್ಸಮ್ಮ."

"ಒಂದ್ಸಲ ಎತ್ತಾಕ್ಸಿದ್ದೇ ಸಾಕು ಅಣ್ಣ. ನೀನು ಟೇಪು ಮಡ್ಚಿ ಜೇಬಲ್ಲಿಟ್ಕೊ."

"ಭಾನುವಾರ ಗುಜರಿಯೋನ್ಗೆ ಹೇಳಿದ್ದೀನಲ್ಲೇ!"

"ಅವ್ನೂ ಬಂದು ಕೈ ಮುಗ್ದು ಓಗ್ಲಿ."

ಶನಿವಾರ ರಾತ್ರಿ ಚೆನ್ನಾಗಿ ಮಳೆ ಹೊಡೆಯಿತು. ಭಾನುವಾರ ಬೆಳಿಗ್ಗೆ ಮತ್ತೆ ಚನ್ನಕ್ಕನ ಗಂಟಲು.

"ಅವ್ವಾರ, ತತ್ತಿ ಒಡದಾವ್ರೀ! ಆದ್ರ ಹಾವಲ್ರೀ!"

"ಮತ್ತೇನೇ?"

"ಏನೋ ಗೊತ್ತಿಲ್ರೀ. ಲಂಗ ಹಾಕ್ಕೊಂಡೈತ್ರೀ!"

ವಠಾರವೆಲ್ಲ ಹಿತ್ತಲಿಗೆ ಬಂತು. ಒಂದು ಮೊಟ್ಟೆ ಒಡೆದು, ಗೇಣುದ್ದದ ಬಿಳಿಯ ದಂಟು ನೆಟ್ಟಗೆ ನಿಂತಿತ್ತು. ತಲೆಯ ಮೇಲೆ ಹಸಿರುಗಪ್ಪು ಲೋಳೆ ಮೆತ್ತಿದ ಟೋಪಿ. ಟೋಪಿಯ ಕೆಳಗಿನಿಂದ ಸುತ್ತಲೂ ಇಳಿಬಿದ್ದ ಬಿಳೀ ಬಲೆಯ ಲಂಗ, ಮದುವೆಮನೆಯ ಪುಟ್ಟ ಹುಡುಗಿಯರು ತೊಡುವಂಥದು. ನೋಡಲು ಇಷ್ಟು ಚೆಂದ. ವಾಸನೆ ಮಾತ್ರ ಮೀನು ಮಾರ್ಕೆಟ್ಟಿನ ಚರಂಡಿ. ನೊಣಗಳು ಟೋಪಿಯ ಮೇಲೆ ಜಾತ್ರೆ ನಡೆಸಿದ್ದವು.

ಅಷ್ಟರಲ್ಲಿ ವೆಂಕಟರಮಣಪ್ಪ ಗುಜರಿಯವನನ್ನು ಕರೆದುಕೊಂಡೇ ಬಂದ. ಬಗ್ಗಿ ನೋಡಿದ. ಎದ್ದು ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಶ್ವತ್ಥೂ! ನಾಯಿಕೊಡೆಗೆ ಹಾಲು ಎರ್ದಿದ್ದೀಯಲ್ಲೇ! ನಾಯಿಕೊಡೆಗೆ!"

ಬಾಡಿಗೆಯವರು ಬಾಯಿಗೆ ಸೆರಗು ಇಟ್ಟುಕೊಂಡರು. ಅದು ವಾಸನೆಗೋ ನಗುವಿಗೋ ಹೇಳುವುದು ಕಷ್ಟ. ಹಾಲಿನ ಚೊಂಬು ಹಿಡಿದು ನಿಂತಿದ್ದ ಅಶ್ವತ್ಥಮ್ಮನ ಮುಖ ಕೆಂಪಾಯಿತು. ಚೊಂಬನ್ನು ಬೆನ್ನ ಹಿಂದೆ ಸರಿಸಿ, ಸೊಸೆಯ ಕಡೆ ತಿರುಗಿದಳು.

"ಶ್ಯಾಮಲಾ, ಇದು ಗಿಡದ್ ಜಾತಿ ಥರಾ ಐತೆ. ಈಗ ನಿನ್ ಡಿಪಾರ್ಟ್‌ಮೆಂಟ್ಗೆ ಬಂತಲ್ಲ. ನೀನೇ ಯೋಳು, ಏನಿದು?"

ಶ್ಯಾಮಲಾಗೆ ಅದರ ಲ್ಯಾಟಿನ್ ಹೆಸರು ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ಹೆಸರು ಗಂಡಸಿನ ಅಂಗದ ಮೇಲೆ ಇಟ್ಟದ್ದು. ಪಾಠ ಮಾಡಿದ ಪ್ರೊಫೆಸರೇ ಅದನ್ನು ಬೋರ್ಡಿನ ಮೇಲೆ ಬರೆದು, ಓದದೆ, ಅವಸರದಲ್ಲಿ ಒರೆಸಿಬಿಟ್ಟಿದ್ದರು. ಅತ್ತೆಯ ಮುಂದೆ, ಅತ್ತೆಯ ಅಣ್ಣನ ಮುಂದೆ, ಇಡೀ ವಠಾರದ ಮುಂದೆ ಅದನ್ನು ಹೇಳುವಂತಿರಲಿಲ್ಲ.

"ಅಣಬೆ, ಅತ್ತೆ."

ಹಿಂದೆ ಯಾರೋ ಕಿಸಕ್ಕೆಂದರು.

"ಅಂದ್ರೆ ನಾಯಿಕೊಡೇನೆ ಅನ್ನು," ಅಶ್ವತ್ಥಮ್ಮನ ದನಿ ಇಳಿಯಿತು.

"ಅಲ್ಲ. ನಾಯಿಕೊಡೆ ಲಂಗ ಹಾಕಲ್ಲ. ಇದು ಬೇರೆ." ಶ್ಯಾಮಲಾ ಒಮ್ಮೆ ಉಸಿರೆಳೆದುಕೊಂಡಳು, ಎಳೆದುಕೊಳ್ಳಬಾರದಿತ್ತು. "ಇದು... ನಾಗರಕೊಡೆ."

ಹಾಗೊಂದು ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ಬಾಯಿಂದ ಬಿದ್ದಮೇಲೆ ಮೊದಲಿಂದಲೂ ಇದ್ದದ್ದೇ ಅನಿಸಿತು.

ಅಶ್ವತ್ಥಮ್ಮ ಮೆಲ್ಲಗೆ ನೆಟ್ಟಗಾದಳು. ಚೊಂಬು ಮುಂದಕ್ಕೆ ಬಂತು.

"ಕೇಳ್ದಾ ಅಣ್ಣ? ಎಸ್ರಲ್ಲೇ ಐತೆ. ನಾಗಪ್ಪ ತಾನು ಬರಕ್ಕಾಗ್ದೆ ಕೊಡೆ ಕಳ್ಸವ್ನೆ."

"ಕೊಡೆ ನಾರ್ತದಲ್ಲಮ್ಮಾ!"

"ಮಳೇಲಿ ನೆಂದ ಕೊಡೆ ಮಲ್ಲಿಗೆ ವಾಸ್ನೆ ಬರ್ತದಾ?"

ವೆಂಕಟರಮಣಪ್ಪ ಗುಜರಿಯವನ ಕಡೆ ತಿರುಗಿದ. ಗುಜರಿಯವನು ಮೂಗು ಹಿಡಿದುಕೊಂಡೇ, "ಸಾರ್, ಈ ಗಾಡಿ ನನ್ ಟೆಂಪೋಗೆ ಹಾಕಿದ್ರೆ ನಾಳೆಯಿಂದ ಟೆಂಪೋನೂ ಗುಜರಿಗೇ," ಎಂದು ಹೊರಟುಹೋದ. ಅವನ ಹಿಂದೆಯೇ ವೆಂಕಟರಮಣಪ್ಪನ ಟೇಪೂ ಹೋಯಿತು.

ಸಂಜೆಗೆ ಲಂಗ ಬಾಡಿ, ದಂಟು ಬಿದ್ದು, ನೊಣಗಳು ಮನೆಗೆ ಹೋದವು. ಅತ್ತೆ ಸೊಸೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು.

"ನಿಂಗೆ ಯಾವತ್ತು ಗೊತ್ತಾಯ್ತು?" ಅಶ್ವತ್ಥಮ್ಮ ಸ್ಕೂಟರನ್ನು ನೋಡುತ್ತಲೇ ಕೇಳಿದಳು.

"ಮೊದಲ ದಿನಾನೇ."

"ಓ. ನಾನು ಆಲು ಉಯ್ಯೋದು ನೋಡ್ಕೊಂಡು ನೀನು ಕರೀ ಕಾಫಿ ಕುಡ್ಕೊಂಡಿದ್ದೆ."

"ಹೂಂ."

ಅಶ್ವತ್ಥಮ್ಮ ಚೊಂಬಿನಲ್ಲಿ ಉಳಿದಿದ್ದ ಹಾಲನ್ನು ಸೊಸೆಯ ಕಾಫಿ ಲೋಟಕ್ಕೆ ಸುರಿದಳು.

"ಇನ್ನೂ ಮೂರವೆ. ಅವು ಎದ್ದು ಬಿದ್ಮೇಲೆ ಮುಗೀತಾ?"

"ಆ ಬಿದಿರು ಕೊಳೀತಾ ಇರೋಗಂಟ ಬರ್ತಾನೇ ಇರ್ತವೆ, ಅತ್ತೆ."

ಮರುದಿನ ಬೆಳಿಗ್ಗೆ ಶ್ಯಾಮಲಾ ಹಿತ್ತಲಿಗೆ ಬಂದಾಗ, ಚನ್ನಕ್ಕನ ಗಂಡ ಸಿದ್ರಾಮ ಟೆರೇಸಿನ ಮೇಲಿದ್ದ ಹಳೇ ಬಿದಿರು ಬೊಂಬುಗಳನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಿದ್ದ. ಅಶ್ವತ್ಥಮ್ಮ ಸೊಂಟದ ಮೇಲೆ ಕೈಯಿಟ್ಟು ಜಾಗ ತೋರಿಸುತ್ತಿದ್ದಳು.

"ಅಲ್ಲೇ ಆಕು, ಗಾಡಿ ಪಕ್ಕಕ್ಕೆ. ಚೆನ್ನಾಗಿ ನೆನೀಲಿ. ಏಯ್, ಸೀಟ್ ಮೇಲೆ ಇಡ್ಬ್ಯಾಡ ಕಣೋ, ದಿನಾ ಒರ್ಸೋಳು ನೀನಲ್ಲ!"